ಮನೆಯೆಂಬ ಇತಿಹಾಸ: ಸಿಯೋಲ್ ನಗರದ ಹಾನೋಕ್ ಕೇರಿಗಳು

ಅರಸರ ಚರಿತ್ರೆಯನ್ನು ತಿಳಿಯಲು ಅರಮನೆಗಳಿವೆ, ಕೋಟೆಗಳಿವೆ, ಶಿಲಾಶಾಸನಗಳಿವೆ. ಸಾಮಾನ್ಯ ಗೃಹಸ್ಥನ ಚರಿತ್ರೆಗೆ ಆಧಾರವಾಗಬಲ್ಲ ಮನೆಯಾದರೋ ಎಲ್ಲಕ್ಕಿಂತ ಮೊದಲು ಅಳಿದುಹೋಗುತ್ತದೆ. ಮರ ಗೆದ್ದಲಿಗೆ ತುತ್ತಾಗುತ್ತದೆ. ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ. ಇವೆರಡನ್ನೂ ತಾಳಿಕೊಂಡು ಉಳಿದುದು ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿಯೋ ಹೊಸ ರಸ್ತೆಯ ವಿಸ್ತರಣೆಯಲ್ಲಿಯೋ ಕಣ್ಮರೆಯಾಗುತ್ತದೆ. ಆದುದರಿಂದ ಜಗತ್ತಿನ ಯಾವುದೇ ಮಹಾನಗರದ ನಡುವೆ ಹಳೆಯ ಮಾದರಿಯ ವಾಸದ ಮನೆಗಳು ಒಂದು ಕೇರಿಯಾಗಿಯೇ ಉಳಿದುಬಂದಿದ್ದರೆ, ಅವು ಹೇಗೆ ಉಳಿದವು, ಯಾರಿಂದ ಉಳಿದವು ಎಂಬುದು ವಿಚಾರಶೀಲರು ಕೇಳಲೇಬೇಕಾದ ಪ್ರಶ್ನೆಯಾಗಿದೆ.

ದಕ್ಷಿಣ ಕೊರಿಯಾದ ರಾಜಧಾನಿಯಾದ ಸಿಯೋಲ್ ತೊಂಬತ್ತು ಲಕ್ಷಕ್ಕೂ ಮಿಗಿಲಾದ ಜನರು ವಾಸಿಸುವ ನಗರ. ಗಾಜಿನ ಗೋಪುರಗಳು, ಸಾಲುಸಾಲಾದ ಬಹುಮಹಡಿ ವಸತಿಗೃಹಗಳು, ಭೂಗರ್ಭದಲ್ಲಿ ಸಂಚರಿಸುವ ರೈಲುಗಳು ಇವೇ ಅದರ ಇಂದಿನ ಲಕ್ಷಣಗಳು. ಇಂಥ ನಗರದ ನಟ್ಟನಡುವೆ, ಎರಡು ಪುರಾತನ ಅರಮನೆಗಳ ಮಧ್ಯದ ಗುಡ್ಡದ ಇಳಿಜಾರಿನಲ್ಲಿ, ಬೂದುಗಪ್ಪು ಹೆಂಚಿನ ಬಾಗಿದ ಸೂರುಗಳು ಒಂದಕ್ಕೊಂದು ತಾಗಿಕೊಂಡು ಇಳಿದುಬರುವ ಕೇರಿಯೊಂದಿದೆ. ಅದರ ಹೆಸರು ಬುಕ್‌ಚೋನ್. ಅಂದರೆ ಉತ್ತರದ ಹಳ್ಳಿ. ಅಲ್ಲಿಯ ಸಾಂಪ್ರದಾಯಿಕ ಮನೆಗಳಿಗೆ ಹಾನೋಕ್ ಎಂದು ಹೆಸರು. ಗಾಹ್ವೆ ಎಂಬ ಬಡಾವಣೆಯ ಓಣಿಯ ಮೇಲ್ತುದಿಯಲ್ಲಿ ನಿಂತು ನೋಡುವ ಪ್ರವಾಸಿಗನಿಗೆ ಕಾಲ ಕೆಳಗೆ ಹಳೆಯ ಸೂರುಗಳ ಸಾಲೂ, ಅದರಾಚೆಗೆ ಹೊಸ ನಗರದ ಎತ್ತರದ ಕಟ್ಟಡಗಳೂ ಒಂದೇ ನೋಟದಲ್ಲಿ ಗೋಚರಿಸುತ್ತವೆ. ಈ ಮನೆಗಳು ಆರು ಶತಮಾನಗಳಿಂದ ಹೀಗೆಯೇ ನಿಂತಿವೆಯೆಂದು ಆತನು ಭಾವಿಸುವುದು ಸಹಜ. ಆದರೆ ವಾಸ್ತವಾಂಶ ಬೇರೆಯಾಗಿದೆ. ಕೇರಿಗೆ ಆರು ನೂರು ವರ್ಷಗಳ ಚರಿತ್ರೆಯಿರುವುದು ನಿಜ. ಇಂದು ನಾವು ಕಾಣುವ ಮನೆಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದ ಎರಡು ಮೂರು ದಶಕಗಳಲ್ಲಿ, ಅದೂ ಕೊರಿಯಾ ಪರಾಧೀನವಾಗಿದ್ದ ಕಾಲದಲ್ಲಿ ಕಟ್ಟಿದಂಥವು. ಇದರಿಂದ ಅವುಗಳ ಮಹತ್ತ್ವ ಕುಂದುವುದಿಲ್ಲ, ಬದಲಾಗಿ ಹೆಚ್ಚುತ್ತದೆ. ಅದು ಹೇಗೆಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಕ್ರಿ.ಶ. ೧೩೯೨ರಲ್ಲಿ ಯಿ ಸೊಂಗ್-ಗ್ಯೆ ಎಂಬ ಸೇನಾಪತಿಯು ಹಿಂದಿನ ಗೊರ್ಯೊ ವಂಶದ ಆಳ್ವಿಕೆಯನ್ನು ಕೊನೆಗೊಳಿಸಿ ಜೋಸೊನ್ ರಾಜವಂಶವನ್ನು ಸ್ಥಾಪಿಸಿದನು. ಎರಡು ವರ್ಷಗಳ ತರುವಾಯ, ೧೩೯೪ರಲ್ಲಿ, ರಾಜಧಾನಿಯನ್ನು ಹಾನ್‌ಯಾಂಗ್‌ಗೆ ವರ್ಗಾಯಿಸಿದನು. ಆ ಹಾನ್‌ಯಾಂಗೇ ಇಂದಿನ ಸಿಯೋಲ್. ಬೆನ್ನಿಗೆ ಬೆಟ್ಟ, ಮುಂದೆ ನೀರು ಇರುವ ಎಡೆಯೇ ವಾಸಕ್ಕೆ ಶುಭವೆಂಬುದು ಆ ನಾಡಿನ ಭೂಮಿಶಾಸ್ತ್ರದ ನಂಬಿಕೆ. ಅದಕ್ಕನುಗುಣವಾಗಿ ಉತ್ತರದ ಬುಗಾಕ್ ಬೆಟ್ಟದ ಬುಡದಲ್ಲಿ ೧೩೯೫ರಲ್ಲಿ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯೂ, ಅದರ ಪೂರ್ವಕ್ಕೆ ೧೪೦೫ರಲ್ಲಿ ಚಾಂಗ್‌ಡೊಕ್‌ಗುಂಗ್ ಅರಮನೆಯೂ ನಿರ್ಮಾಣಗೊಂಡವು. ಇವೆರಡರ ನಡುವಣ ಬಿಸಿಲು ಬೀಳುವ, ನೀರು ನಿಲ್ಲದ ದಕ್ಷಿಣಾಭಿಮುಖವಾದ ಇಳಿಜಾರು ರಾಜಬಂಧುಗಳಿಗೂ ಉನ್ನತಾಧಿಕಾರಿಗಳಿಗೂ ಮೀಸಲಾದಂತಾಯಿತು. ನಗರದ ಮಧ್ಯದಲ್ಲಿ ಹರಿಯುವ ಚೊಂಗ್‌ಗ್ಯೆಚೊನ್ ಎಂಬ ತೊರೆಯ ಉತ್ತರಕ್ಕೆ ಶ್ರೀಮಂತರ ಉತ್ತರದ ಹಳ್ಳಿ. ದಕ್ಷಿಣಕ್ಕೆ, ನಾಮ್‌ಸಾನ್ ಬೆಟ್ಟದ ತಪ್ಪಲಲ್ಲಿ, ಅಧಿಕಾರ ದೊರೆಯದ ಬಡ ವಿದ್ವಾಂಸರ ದಕ್ಷಿಣದ ಹಳ್ಳಿ. ಮಳೆಯಿಲ್ಲದ ದಿನಗಳಲ್ಲಿಯೂ ಮರದ ಪಾದರಕ್ಷೆಯನ್ನೇ ಮೆಟ್ಟಿ ಸದ್ದು ಮಾಡುತ್ತ ನಡೆಯುವವರೆಂದು ಈ ಬಡ ಪಂಡಿತರನ್ನು ಊರವರು ಹಾಸ್ಯಮಾಡುತ್ತಿದ್ದರು. ಅವರಿಗೆ ಬೇರೆ ಪಾದರಕ್ಷೆ ಕೊಳ್ಳುವ ಶಕ್ತಿಯಿರಲಿಲ್ಲ.

ಆ ಕಾಲದಲ್ಲಿ ಮನೆಯ ಅಳತೆಯೂ ಅಂತಸ್ತಿನ ಅಳತೆಯೇ ಆಗಿದ್ದಿತು. ಎರಡು ಕಂಬಗಳ ನಡುವಣ ಅಂತರವನ್ನು ಅಲ್ಲಿ ‘ಕಾನ್’ ಎಂದು ಕರೆಯುತ್ತಾರೆ, ನಾವು ಅಂಕಣವೆನ್ನುವಂತೆ. ೧೪೩೧ರಲ್ಲಿ ಸೆಜೊಂಗ್ ಮಹಾರಾಜನ ಆಳ್ವಿಕೆಯಲ್ಲಿ ಹೊರಟ ಕಟ್ಟಳೆಯಂತೆ, ಪಟ್ಟದ ರಾಣಿಯ ಮಕ್ಕಳಾದ ರಾಜಕುಮಾರರಿಗೆ ೬೦ ಅಂಕಣ, ಎರಡನೆಯ ದರ್ಜೆ ಮತ್ತು ಅದಕ್ಕೂ ಮೇಲಿನ ಅಧಿಕಾರಿಗಳಿಗೆ ೪೦, ಅದಕ್ಕಿಂತ ಕೆಳಗಿನವರಿಗೆ ೩೦, ಸಾಮಾನ್ಯ ಪ್ರಜೆಗೆ ಕೇವಲ ೧೦ ಅಂಕಣದ ಮನೆ ಎಂದು ಗೊತ್ತುಪಡಿಸಲಾಯಿತು. ಕಟ್ಟಳೆಯನ್ನು ಮೀರಿದವರು ಇದ್ದೇ ಇದ್ದರು. ಆದರೂ ಮನುಷ್ಯನು ಎಷ್ಟು ದೊಡ್ಡ ಸೂರಿನಡಿ ಮಲಗಬೇಕೆಂಬುದನ್ನು ರಾಜ್ಯವೇ ನಿರ್ಧರಿಸುತ್ತಿದ್ದಿತೆಂಬುದನ್ನು ಇದರಿಂದ ತಿಳಿಯಬಹುದು.

ಇನ್ನು ಹಾನೋಕ್ ಎಂಬ ಮನೆಯ ರಚನೆಯನ್ನು ಅರಿಯೋಣ. ಕಲ್ಲು, ಮರ, ಮಣ್ಣು, ಕಾಗದ ಇವು ನಾಲ್ಕೇ ಅದರ ಮುಖ್ಯ ಸಾಮಗ್ರಿಗಳು. ಅಡಿಗಲ್ಲಿನ ಮೇಲೆ ಕಂಬವನ್ನು ನಿಲ್ಲಿಸುವಾಗ ಕಲ್ಲನ್ನು ಸಮತಟ್ಟಾಗಿ ಕೆತ್ತುವ ಬದಲು, ಕಲ್ಲಿನ ಉಬ್ಬುತಗ್ಗುಗಳಿಗೆ ಸರಿಹೊಂದುವಂತೆ ಕಂಬದ ಬುಡವನ್ನೇ ಕೆತ್ತುವ ಕುಶಲತೆ ಅಲ್ಲಿಯ ಬಡಗಿಗಳದು. ಕಂಬಕ್ಕೂ ತೊಲೆಗೂ ಕಚ್ಚು ಕೊರೆದು, ಒಂದರೊಳಗೊಂದನ್ನು ಕೂಡಿಸಿ ಕಟ್ಟು ನಿಲ್ಲಿಸುತ್ತಾರೆ. ಕಬ್ಬಿಣದ ಮೊಳೆಯನ್ನು ಅದು ಅವಲಂಬಿಸುವುದಿಲ್ಲ. ಮನೆಯ ನೆತ್ತಿಯ ತೊಲೆಯನ್ನು ಏರಿಸುವ ದಿನ ಪೂಜಾವಿಧಿಯನ್ನು ನಡೆಸಿ, ಆ ದಿನದ ತಾರೀಖನ್ನು ತೊಲೆಯ ಮೇಲೆಯೇ ಬರೆಯುವ ಸಂಪ್ರದಾಯವಿದೆ. ಮನೆಯ ವಯಸ್ಸನ್ನು ಮನೆಯೇ ಹೇಳುವ ಈ ಪದ್ಧತಿ ಇತಿಹಾಸಕಾರರಿಗೆ ದೊಡ್ಡ ಉಪಕಾರ. ಸೂರನ್ನು ಗೋಡೆಯಿಂದಾಚೆಗೆ ಬಹಳ ಮುಂದಕ್ಕೆ ಚಾಚಿರುತ್ತಾರೆ. ಬೇಸಿಗೆಯಲ್ಲಿ ನೆತ್ತಿಯ ಮೇಲಿರುವ ಸೂರ್ಯನ ಬಿಸಿಲು ಒಳಗೆ ಬಾರದಂತೆ ತಡೆಯುವ ಈ ಸೂರೇ, ಚಳಿಗಾಲದಲ್ಲಿ ಕೆಳಗಿಳಿದ ಸೂರ್ಯನ ಕಿರಣಗಳನ್ನು ಕೋಣೆಯೊಳಕ್ಕೆ ಬಿಡುತ್ತದೆ.

ಕೊರಿಯಾದ ಚಳಿಗಾಲ ಅತ್ಯಂತ ಕಠೋರವಾದುದು. ಬೇಸಿಗೆಯಾದರೋ ಸೆಕೆಯಿಂದ ಕೂಡಿದುದು. ಈ ಎರಡು ವೈರಿಗಳನ್ನೂ ಒಂದೇ ಸೂರಿನಡಿ ಎದುರಿಸಿದುದೇ ಹಾನೋಕಿನ ವೈಶಿಷ್ಟ್ಯ. ಚಳಿಗಾಗಿ ‘ಒಂದೋಲ್’ ಎಂಬ ಬೆಚ್ಚಗಿನ ನೆಲ; ಸೆಕೆಗಾಗಿ ‘ಮಾರು’ ಎಂಬ ಹಲಗೆಯ ನೆಲದ ತೆರೆದ ಪಡಸಾಲೆ. ಅಡುಗೆಮನೆಯ ಒಲೆಯ ಬೆಂಕಿ ಅನ್ನವನ್ನು ಬೇಯಿಸಿದ ಮೇಲೆ ವ್ಯರ್ಥವಾಗುವುದಿಲ್ಲ. ಅದರ ಹೊಗೆ ಮತ್ತು ಕಾವು ಪಕ್ಕದ ಕೋಣೆಯ ನೆಲದ ಚಪ್ಪಡಿಗಳ ಅಡಿಯಲ್ಲಿ ಕಾಲುವೆಗಳ ಮೂಲಕ ಹರಿದು, ಕೋಣೆಯ ಮತ್ತೊಂದು ತುದಿಯಲ್ಲಿರುವ ಹೊಗೆಗೂಡಿನಿಂದ ಹೊರಬೀಳುತ್ತದೆ. ಚಪ್ಪಡಿಗಳ ಮೇಲೆ ಮಣ್ಣು ಮೆತ್ತಿ, ಎಣ್ಣೆ ಹಚ್ಚಿದ ದಪ್ಪ ಕಾಗದವನ್ನು ಅಂಟಿಸಿರುತ್ತಾರೆ. ಜನರು ಪಾದರಕ್ಷೆಯನ್ನು ಹೊರಗೆ ಬಿಟ್ಟು ಬಂದು ನೆಲದ ಮೇಲೆಯೇ ಕುಳಿತುಕೊಳ್ಳುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಒಲೆಗೆ ಅತಿ ಸಮೀಪವಾದ ಬೆಚ್ಚನೆಯ ಜಾಗ ಮನೆಯ ಹಿರಿಯರಿಗೂ ಬಂದ ಅತಿಥಿಗೂ ಸಲ್ಲತಕ್ಕದ್ದು. ಇಂದು ಒಲೆಯ ಹೊಗೆ ಹೋಗಿ ಬಿಸಿನೀರಿನ ಕೊಳವೆಗಳು ಬಂದಿವೆ. ಆದರೆ ಇಪ್ಪತ್ತನೆಯ ಮಹಡಿಯಲ್ಲಿ ವಾಸಿಸುವ ಕೊರಿಯನ್ ಕುಟುಂಬವೂ ನೆಲವನ್ನೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ೨೦೧೮ರಲ್ಲಿ ಅಲ್ಲಿಯ ಸರ್ಕಾರವು ಒಂದೋಲ್ ಸಂಸ್ಕೃತಿಯನ್ನು ರಾಷ್ಟ್ರೀಯ ಪರಂಪರೆಯೆಂದು ಘೋಷಿಸಿತು.

ಈ ಗುಣಗಳನ್ನು ಹೇಳುವಾಗ ಹಳೆಯ ಮನೆಯ ದೋಷಗಳನ್ನು ಮುಚ್ಚಿಡುವುದು ಸಲ್ಲದು. ಶ್ರೀಮಂತರ ಮನೆಯಲ್ಲಿ ಗಂಡಸರ ಕಟ್ಟೇ ಬೇರೆ, ಹೆಂಗಸರ ಕಟ್ಟೇ ಬೇರೆ. ಹೆಬ್ಬಾಗಿಲ ಬಳಿ ಆಳುಗಳ ಸಾಲುಕೋಣೆಗಳು ಬೇರೆ. ಹೊರಗಿನ ಕಟ್ಟಿನಲ್ಲಿ ಯಜಮಾನನು ಗೆಳೆಯರೊಡನೆ ಕಾವ್ಯಗೋಷ್ಠಿಯನ್ನು ನಡೆಸುತ್ತಿದ್ದನು; ಒಳಗಿನ ಕಟ್ಟಿನ ಗೃಹಿಣಿಗೆ ಹೊರಗಿನ ಮುಖಗಳನ್ನು ಕಾಣುವ ಅವಕಾಶವೂ ಅಪರೂಪವಾಗಿದ್ದಿತು. ಕುಲ, ದರ್ಜೆ, ಲಿಂಗಗಳ ಭೇದವೆಲ್ಲ ಗೋಡೆಬಾಗಿಲುಗಳಾಗಿ ಅಲ್ಲಿ ನಿಂತಿದ್ದವು. ೧೮೯೪ರ ಸುಧಾರಣೆಗಳು ಹುಟ್ಟಿನಿಂದ ಬರುವ ದರ್ಜೆಯನ್ನೂ ದಾಸ್ಯವನ್ನೂ ಕಾನೂನಿನಲ್ಲಿ ರದ್ದುಗೊಳಿಸಿದವು. ಅಧಿಕಾರಿಗಳನ್ನು ಆರಿಸುವ ಪುರಾತನ ಪರೀಕ್ಷಾಪದ್ಧತಿಯೂ ನಿಂತುಹೋಯಿತು. ಅಂದಿನಿಂದ ಉತ್ತರದ ಹಳ್ಳಿಯ ದೊಡ್ಡ ಮನೆತನಗಳ ಆದಾಯದ ಮೂಲವೇ ಬತ್ತತೊಡಗಿತು.

೧೯೧೦ರಲ್ಲಿ ಜಪಾನ್ ಸಾಮ್ರಾಜ್ಯವು ಕೊರಿಯಾವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆ ಕಾಲದ ಸಂಕೀರ್ಣತೆಯನ್ನು ತಿಳಿಯಬೇಕೆನ್ನುವವರು ಬುಕ್‌ಚೋನಿನಲ್ಲಿರುವ ಬೇಕ್ ಇನ್-ಜೆ ಭವನವನ್ನು ನೋಡಬೇಕು. ೧೯೧೩ರಲ್ಲಿ ಇದನ್ನು ಕಟ್ಟಿಸಿದವನು ಜಪಾನೀ ಆಡಳಿತಕ್ಕೆ ಆಪ್ತನಾಗಿದ್ದ ಹಾನ್ ಸಾಂಗ್-ರ್ಯೊಂಗ್ ಎಂಬ ಬ್ಯಾಂಕ್ ಅಧಿಕಾರಿ. ಸೂರು, ಅಂಗಳ ಎಲ್ಲವೂ ಕೊರಿಯಾದ ಮಾದರಿಯವು. ಆದರೆ ಗಂಡಸರ ಮತ್ತು ಹೆಂಗಸರ ಕಟ್ಟುಗಳನ್ನು ಜೋಡಿಸುವ ಉದ್ದನೆಯ ಓಣಿ ಜಪಾನೀ ಪದ್ಧತಿಯದು. ಅನಂತರದ ಒಡೆಯರಾದ ಪ್ರಸಿದ್ಧ ಶಸ್ತ್ರವೈದ್ಯ ಬೇಕ್ ಇನ್-ಜೆ ಅವರನ್ನು ೧೯೫೦ರ ಯುದ್ಧಕಾಲದಲ್ಲಿ ಉತ್ತರಕ್ಕೆ ಒಯ್ಯಲಾಯಿತು; ಅವರು ಹಿಂದಿರುಗಲಿಲ್ಲ. ೨೦೧೫ರಿಂದ ಈ ಮನೆ ಸಾರ್ವಜನಿಕರಿಗೆ ತೆರೆದಿದೆ.

ಅದೇ ಕೇರಿಯಲ್ಲಿ ಸ್ವಾತಂತ್ರ್ಯದ ಕಿಡಿಯೂ ಹೊತ್ತಿಕೊಂಡಿತು. ೧೯೧೯ರ ಮಾರ್ಚ್ ೧ರಂದು ಕೊರಿಯಾದಾದ್ಯಂತ ಎದ್ದ ಜನಾಂದೋಲನದ ಸಿದ್ಧತೆಗಳು ನಡೆದುದು ಬಹುಮಟ್ಟಿಗೆ ಬುಕ್‌ಚೋನಿನ ಮನೆಗಳಲ್ಲಿಯೇ. ಘೋಷಣಾಪತ್ರಕ್ಕೆ ಸಹಿಮಾಡಿದ ೩೩ ಪ್ರತಿನಿಧಿಗಳಲ್ಲಿ ಅನೇಕರು ಹಿಂದಿನ ರಾತ್ರಿ ಕೊನೆಯ ಬಾರಿ ಸೇರಿದುದು ಗಾಹ್ವೆಯಲ್ಲಿದ್ದ ಸೊನ್ ಬ್ಯೊಂಗ್-ಹೀ ಅವರ ಮನೆಯಲ್ಲಿ. ಸಹಿಮಾಡಿದವರಲ್ಲೊಬ್ಬರಾದ ಬೌದ್ಧ ಭಿಕ್ಷು ಕವಿ ಹಾನ್ ಯೊಂಗ್-ಉನ್ ಅವರು ಹತ್ತಿರದ ಗ್ಯೆ ಬಡಾವಣೆಯ ಒಂದು ಚಿಕ್ಕ ಮನೆಯಿಂದ ೧೯೧೮ರಲ್ಲಿ ಧಾರ್ಮಿಕ ಮಾಸಪತ್ರಿಕೆಯೊಂದನ್ನು ಹೊರಡಿಸಿದ್ದರು. ಆ ಪತ್ರಿಕೆ ಮೂರು ಸಂಚಿಕೆಗಳಿಗೇ ನಿಂತಿತು. ಆದರೆ ಆ ಮನೆಯಲ್ಲಿಯೇ ಅವರು ಘೋಷಣಾಪತ್ರದ ಪ್ರತಿಗಳನ್ನು ತರುಣ ವಿದ್ಯಾರ್ಥಿಗಳ ಕೈಗಿತ್ತು ಕಳುಹಿಸಿದರು.

ಆಂದೋಲನವನ್ನು ಬಲಪ್ರಯೋಗದಿಂದ ಹತ್ತಿಕ್ಕಲಾಯಿತು. ಈ ನಡುವೆ ನಗರದ ಸ್ವರೂಪವೇ ಬದಲಾಗುತ್ತಿದ್ದಿತು. ಮೊದಲು ದಕ್ಷಿಣದ ನಾಮ್‌ಸಾನ್ ತಪ್ಪಲಲ್ಲಿ ನೆಲೆಸಿದ್ದ ಜಪಾನೀಯರು ೧೯೨೦ರ ದಶಕದಲ್ಲಿ ತೊರೆಯನ್ನು ದಾಟಿ ಉತ್ತರಕ್ಕೆ ಬರಲಾರಂಭಿಸಿದರು. ೧೯೨೬ರಲ್ಲಿ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಮುಂಭಾಗದಲ್ಲಿಯೇ, ಸಿಂಹಾಸನ ಮಂದಿರವನ್ನು ಮರೆಮಾಡುವಂತೆ, ಜಪಾನೀ ಸರ್ಕಾರದ ಭಾರಿ ಕಲ್ಲಿನ ಕಚೇರಿ ಮೇಲೆದ್ದಿತು. ಅಧಿಕಾರಿಗಳ ವಸತಿಗಳೂ ಅದರ ಸುತ್ತ ಬೆಳೆಯತೊಡಗಿದವು. ಹಳ್ಳಿಗಾಡಿನಿಂದ ನಗರಕ್ಕೆ ಬರುವ ಕೊರಿಯನ್ನರಿಗಾದರೋ ಮನೆ ಸಿಗುತ್ತಿರಲಿಲ್ಲ. ಸಾಲದ ಹೊರೆಯಲ್ಲಿದ್ದ ದೊಡ್ಡ ಮನೆತನಗಳು ವಿಶಾಲವಾದ ನಿವೇಶನಗಳನ್ನು ಮಾರಲು ಸಿದ್ಧವಾಗಿದ್ದವು. ಅವುಗಳನ್ನು ಕೊಳ್ಳುವವರು ಯಾರು ಎಂಬುದರ ಮೇಲೆ ಉತ್ತರದ ಹಳ್ಳಿಯ ಭವಿಷ್ಯ ನಿಂತಿದ್ದಿತು.

ಈ ಸಂಧಿಕಾಲದಲ್ಲಿ ಮುಂದೆ ಬಂದವರು ಜೊಂಗ್ ಸೆ-ಗ್ವೊನ್ (೧೮೮೮–೧೯೬೫). ದಕ್ಷಿಣದ ಗೊಸೊಂಗ್ ಪ್ರಾಂತದಿಂದ ರಾಜಧಾನಿಗೆ ಬಂದ ಇವರು ೧೯೨೦ರಲ್ಲಿ ಗೊನ್‌ಯಾಂಗ್‌ಸಾ ಎಂಬ ಕಟ್ಟಡ ನಿರ್ಮಾಣ ಸಂಸ್ಥೆಯನ್ನು ಸ್ಥಾಪಿಸಿದರು. ಮಾರಾಟಕ್ಕೆ ಬಂದ ಹಳೆಯ ಮಹಲುಗಳ ನೆಲವನ್ನು ಕೊಂಡು, ಅದನ್ನು ಚಿಕ್ಕ ಚಿಕ್ಕ ನಿವೇಶನಗಳಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಒಂದು ಹಾನೋಕನ್ನು ಕಟ್ಟಿ, ಸಾಮಾನ್ಯ ಕೊರಿಯನ್ ಕುಟುಂಬಗಳಿಗೆ ಮಾರುವುದೇ ಇವರ ಉದ್ಯೋಗ. ಪೂರ್ತಿ ಹಣವಿಲ್ಲದವರಿಗೆ ಕಂತುಗಳಲ್ಲಿ ಸಲ್ಲಿಸುವ ಅವಕಾಶವನ್ನೂ ಕಲ್ಪಿಸಿದರು. ಗಾಹ್ವೆ, ಇಕ್‌ಸೊನ್ ಮೊದಲಾದ ಬಡಾವಣೆಗಳು ಈ ರೀತಿಯಲ್ಲಿಯೇ ರೂಪುಗೊಂಡವು. ಪ್ರವಾಸಿಗರು ಇಂದು ಬೆರಗಿನಿಂದ ನೋಡುವ ಇಳಿಜಾರಿನ ಓಣಿ ಅರಸರ ಕಾಲದ ಉಳಿಕೆಯಲ್ಲ. ಇಂಥ ವ್ಯವಹಾರ ಕುಶಲರು ಅಳತೆಮಾಡಿ ಹಂಚಿದ ನಿವೇಶನಗಳ ಸಾಲು.

ಈ ಮನೆಗಳು ಹಳೆಯದರ ಯಥಾಪ್ರತಿಗಳೂ ಅಲ್ಲ. ಹಿಂದಿನ ಮಹಲಿನಲ್ಲಿ ಬೇರೆ ಬೇರೆಯಾಗಿದ್ದ ಕಟ್ಟುಗಳೆಲ್ಲ ಇಲ್ಲಿ ಒಂದೇ ಸೂರಿನಡಿ ಸೇರಿ, ನಡುವಿನ ಚಿಕ್ಕ ಅಂಗಳವನ್ನು ಎರಡು, ಮೂರು ಅಥವಾ ನಾಲ್ಕು ಕಡೆಗಳಿಂದ ಸುತ್ತುವರಿದವು. ನಮ್ಮ ತೊಟ್ಟಿಮನೆಯನ್ನು ಬಲ್ಲವರಿಗೆ ಈ ವಿನ್ಯಾಸ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಹಲವು ನಿವೇಶನಗಳು ಹೆಚ್ಚುಕಡಿಮೆ ನಮ್ಮ ನಗರಗಳ ಮೂವತ್ತು–ನಲವತ್ತು ಅಡಿಯ ನಿವೇಶನದಷ್ಟೇ ಚಿಕ್ಕವು. ಪಡಸಾಲೆಗೆ ಗಾಜಿನ ಬಾಗಿಲು ಬಂದಿತು. ಹೊರಗೋಡೆಯ ಕೆಳಭಾಗಕ್ಕೆ ಇಟ್ಟಿಗೆ ಬಂದಿತು. ಪಕ್ಕದ ಮನೆಗೆ ನೀರು ಸುರಿಯದಿರಲೆಂದು ಸೂರಿನಂಚಿಗೆ ತಗಡಿನ ದೋಣಿ ಬಂದಿತು. ವಿದ್ಯುದ್ದೀಪವೂ ನಲ್ಲಿಯೂ ಒಳಗೆ ಬಂದವು. ಆಳುಗಳ ಸಾಲುಕೋಣೆಗಳು ಮಾಯವಾದವು. ಗಂಡಸರಿಗೆ ಬೇರೆ ಅಂಗಳ, ಹೆಂಗಸರಿಗೆ ಬೇರೆ ಅಂಗಳವೆಂಬ ಕ್ರಮಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಹೀಗೆ ದರ್ಜೆಯ ಗೋಡೆಗಳನ್ನು ಬಿಟ್ಟು, ಬೆಚ್ಚನೆಯ ನೆಲವನ್ನೂ ಅಂಗಳದ ಆಕಾಶವನ್ನೂ ಉಳಿಸಿಕೊಂಡುದರಿಂದಲೇ ಹಾನೋಕ್ ಹೊಸ ಯುಗದ ಗೃಹಸ್ಥನಿಗೆ ವಾಸಯೋಗ್ಯವಾಯಿತು. ಬದಲಾಗಲು ಒಪ್ಪಿದುದರಿಂದ ಉಳಿಯಿತು ಎಂದರೆ ತಪ್ಪಾಗಲಾರದು.

ಜೊಂಗ್ ಸೆ-ಗ್ವೊನ್ ಅವರು ಲಾಭವನ್ನು ಬಯಸದ ವಿರಕ್ತರೇನೂ ಆಗಿರಲಿಲ್ಲ. ಅವರು ವ್ಯಾಪಾರಿಗಳು, ಸಿರಿವಂತರೂ ಆದರು. ಭವ್ಯವಾದ ಹಳೆಯ ಮಹಲುಗಳು ಒಡೆದುಹೋಗಲು ಇಂಥವರ ಉದ್ಯೋಗವೇ ಕಾರಣವಾಯಿತೆಂಬುದೂ ಸತ್ಯ. ಆದರೆ ಗಳಿಸಿದ ಹಣವನ್ನು ಅವರು ವಿನಿಯೋಗಿಸಿದ ಬಗೆ ಗಮನಾರ್ಹವಾದುದು. ಸ್ವದೇಶೀ ವಸ್ತುಗಳ ಬಳಕೆಗಾಗಿ ನಡೆದ ಚಳವಳಿಗೆ ನೆರವಾದರು. ೧೯೩೫ರಲ್ಲಿ ಕೊರಿಯನ್ ಭಾಷಾ ಪರಿಷತ್ತಿಗೆ ಬುಕ್‌ಚೋನಿನ ಹ್ವಾ ಬಡಾವಣೆಯಲ್ಲಿ ಒಂದು ಕಟ್ಟಡವನ್ನೇ ದಾನಮಾಡಿದರು. ಆ ಪರಿಷತ್ತು ೧೯೩೩ರಲ್ಲಿ ಏಕರೂಪದ ಕಾಗುಣಿತದ ನಿಯಮಗಳನ್ನು ಪ್ರಕಟಿಸಿದ್ದಿತು. ಆ ನಾಡಿನ ಭಾಷೆಗೆ ಸಮಗ್ರವಾದ ನಿಘಂಟೊಂದನ್ನು ಸಿದ್ಧಪಡಿಸುವ ಕಾರ್ಯದಲ್ಲಿ ತೊಡಗಿದ್ದಿತು. ಅತ್ತ ಸರ್ಕಾರದ ಧೋರಣೆ ದಿನೇ ದಿನೇ ಕಠಿಣವಾಗುತ್ತಿದ್ದಿತು. ೧೯೩೮ರಿಂದ ಶಾಲೆಗಳಲ್ಲಿ ಕೊರಿಯನ್ ಭಾಷೆ ಮೂಲೆಗುಂಪಾಯಿತು. ೧೯೪೦ರಲ್ಲಿ ಪ್ರಮುಖ ಕೊರಿಯನ್ ದಿನಪತ್ರಿಕೆಗಳನ್ನು ಮುಚ್ಚಿಸಲಾಯಿತು. ಜನರು ಜಪಾನೀ ಮಾದರಿಯ ಹೆಸರುಗಳನ್ನು ಇಟ್ಟುಕೊಳ್ಳುವಂತೆ ಒತ್ತಾಯವೂ ಆಯಿತು.

೧೯೪೨ರಲ್ಲಿ ಭಾಷಾ ಪರಿಷತ್ತಿನ ವಿದ್ವಾಂಸರ ಬಂಧನ ಆರಂಭವಾಯಿತು. ಅವರ ಮೇಲೆ ಹೊರಿಸಿದ ಅಪರಾಧದ ತಿರುಳು ತಮ್ಮ ಮಾತೃಭಾಷೆಗೆ ನಿಘಂಟನ್ನು ರಚಿಸಿದುದೇ ಆಗಿದ್ದಿತು. ಯಿ ಯುನ್-ಜೆ ಮತ್ತು ಹಾನ್ ಜಿಂಗ್ ಎಂಬ ಇಬ್ಬರು ವಿದ್ವಾಂಸರು ಸೆರೆಮನೆಯಲ್ಲಿಯೇ ಅಸುನೀಗಿದರು. ಜೊಂಗ್ ಸೆ-ಗ್ವೊನ್ ಅವರನ್ನೂ ಹಿಡಿದು ಹಿಂಸಿಸಲಾಯಿತು. ಅವರ ವಿಸ್ತಾರವಾದ ಭೂಮಿ ಕೈಬಿಟ್ಟುಹೋಯಿತು. ನಿಘಂಟಿನ ಹಸ್ತಪ್ರತಿಯನ್ನು ಅಧಿಕಾರಿಗಳು ಸಾಕ್ಷ್ಯವೆಂದು ವಶಪಡಿಸಿಕೊಂಡರು. ಮೂರು ವರ್ಷಗಳ ತರುವಾಯ ದೇಶ ಬಿಡುಗಡೆ ಹೊಂದಿದಾಗ, ೧೯೪೫ರ ಸೆಪ್ಟೆಂಬರಿನಲ್ಲಿ, ಆ ಹಸ್ತಪ್ರತಿ ಸಿಯೋಲ್ ರೈಲುನಿಲ್ದಾಣದ ಉಗ್ರಾಣವೊಂದರಲ್ಲಿ ದೊರೆಯಿತು. ಅದರ ಆಧಾರದಿಂದ ೧೯೪೭ರಲ್ಲಿ ಮೊದಲ ಸಂಪುಟವೂ ೧೯೫೭ರ ವೇಳೆಗೆ ಆರೂ ಸಂಪುಟಗಳೂ ಬೆಳಕು ಕಂಡವು. ಕೇರಿಯನ್ನು ಕಟ್ಟಿದವರು ಮಾತ್ರ ಕಳೆದುಹೋದ ಸಂಪತ್ತನ್ನು ಮರಳಿ ಪಡೆಯದೆ ೧೯೬೫ರಲ್ಲಿ ತೀರಿಕೊಂಡರು. ಜನರಿಗೆ ನಿಲ್ಲಲು ನೆಲೆ ಬೇಕು, ಆಡಲು ಮಾತು ಬೇಕು. ಎರಡಕ್ಕೂ ಒಬ್ಬರೇ ಒದಗಿಬಂದ ಈ ಉದಾಹರಣೆ ಅಪರೂಪವಾದುದು. ಹೆಂಚಿನ ಸೂರುಗಳ ಚಿತ್ರ ತೆಗೆದುಕೊಂಡು ಹೊರಟುಹೋಗುವವರಿಗೆ ಈ ಸಂಗತಿ ತಿಳಿಯದೆ ಹೋಗುವುದು ವಿಷಾದನೀಯ.

ಸ್ವಾತಂತ್ರ್ಯ ಬಂದ ಮೇಲೆ ಹಾನೋಕಿಗೆ ಒಳಿತಾಯಿತೇ ಎಂದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ. ೧೯೫೦ರಿಂದ ೧೯೫೩ರವರೆಗಿನ ಭೀಕರ ಯುದ್ಧದಲ್ಲಿ ನಗರ ಜರ್ಜರಿತವಾಯಿತು. ಅನಂತರದ ಕೈಗಾರಿಕಾ ಅಭ್ಯುದಯದ ಕಾಲದಲ್ಲಿ ಬಹುಮಹಡಿ ವಸತಿಗೃಹವೇ ಪ್ರಗತಿಯ ಚಿಹ್ನೆಯಾಯಿತು. ಹಳೆಯ ಮನೆಯೆಂದರೆ ಚಳಿ, ದೂರದ ಶೌಚಗೃಹ, ಸೋರುವ ಹೆಂಚು, ಕಲ್ಲಿದ್ದಲ ಬಿಲ್ಲೆಯ ವಿಷವಾಯು ಎಂಬ ಭಾವನೆ ಬೇರೂರಿತು. ಅದು ನಿರಾಧಾರವೂ ಆಗಿರಲಿಲ್ಲ. ಹಾನ್ ನದಿಯ ದಕ್ಷಿಣಕ್ಕೆ ಹೊಸ ನಗರವನ್ನು ಬೆಳೆಸಲು ಸರ್ಕಾರವು ಪ್ರಸಿದ್ಧ ಶಾಲೆಗಳನ್ನೇ ಅತ್ತ ಕಳುಹಿಸಿತು. ಬುಕ್‌ಚೋನಿನ ಗ್ಯೊಂಗ್ಗಿ ಪ್ರೌಢಶಾಲೆ ೧೯೭೬ರಲ್ಲಿ ನದಿಯಾಚೆಗೆ ಹೋಯಿತು. ಅದರ ಕಟ್ಟಡ ಮರುವರ್ಷ ಜೊಂಗ್‌ಡೊಕ್ ಗ್ರಂಥಾಲಯವಾಯಿತು. ಶಾಲೆಗಳ ಹಿಂದೆ ಮಕ್ಕಳುಳ್ಳ ಕುಟುಂಬಗಳೂ ಹೊರಟುಹೋದವು.

೧೯೮೩ರಲ್ಲಿ ನಗರಾಡಳಿತವು ಬುಕ್‌ಚೋನನ್ನು ರಕ್ಷಣೆಗೆ ಒಳಪಡಿಸಿ, ಹಾನೋಕುಗಳನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಕಟ್ಟದಂತೆ ನಿರ್ಬಂಧ ವಿಧಿಸಿತು. ಉದ್ದೇಶ ಒಳ್ಳೆಯದಾಗಿದ್ದರೂ ನಿವಾಸಿಗಳನ್ನು ವಿಶ್ವಾಸಕ್ಕೆ ತೆಗೆದುಕೊಳ್ಳದೆ ಹೇರಿದ ನಿಯಮವಾದುದರಿಂದ ಅದು ಅವರಿಗೆ ಭಾರವಾಯಿತು. ಸೋರುವ ಸೂರನ್ನು ದುರಸ್ತಿ ಮಾಡಿಸಿಕೊಳ್ಳಲು ನೆರವಿಲ್ಲ, ಹೊಸದಾಗಿ ಕಟ್ಟಿಕೊಳ್ಳಲು ಅನುಮತಿಯೂ ಇಲ್ಲ. ಅವರ ಒತ್ತಾಯದಿಂದ ೧೯೯೦ರ ದಶಕದ ಆರಂಭದಲ್ಲಿ ನಿರ್ಬಂಧವನ್ನು ಸಡಿಲಿಸಿದಾಗ ಹಾನೋಕುಗಳು ಒಂದೊಂದಾಗಿ ಉರುಳಿ, ಇಟ್ಟಿಗೆಯ ಬಾಡಿಗೆ ಮನೆಗಳು ಎದ್ದವು. ೧೯೮೫ರಲ್ಲಿ ಸುಮಾರು ೧,೫೦೦ರಷ್ಟಿದ್ದ ಹಾನೋಕುಗಳು ೨೦೦೦ದ ವೇಳೆಗೆ ಸಾವಿರಕ್ಕೂ ಕಡಿಮೆಯಾದವು. ಬಲವಂತದಿಂದ ಮಾಡಿದ ರಕ್ಷಣೆ ಬಲವಂತ ತೊಲಗಿದೊಡನೆ ತೊಲಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಅನುಭವದಿಂದ ನಗರಾಡಳಿತವು ಪಾಠ ಕಲಿಯಿತು. ೨೦೦೧ರಿಂದ ಹೊಸ ಕ್ರಮವೊಂದು ಜಾರಿಗೆ ಬಂದಿತು. ಮನೆಯೊಡೆಯನು ಸ್ವಇಚ್ಛೆಯಿಂದ ತನ್ನ ಹಾನೋಕನ್ನು ನೋಂದಾಯಿಸಿದರೆ ದುರಸ್ತಿಗೆ ಸಹಾಯಧನವೂ ಸಾಲವೂ ದೊರೆಯುತ್ತವೆ. ಒಳಗೆ ಆಧುನಿಕ ಅಡುಗೆಮನೆ, ಸ್ನಾನಗೃಹಗಳನ್ನು ಮಾಡಿಕೊಳ್ಳಲು ಅಡ್ಡಿಯಿಲ್ಲ. ಹೊರರೂಪ ಮಾತ್ರ ಉಳಿಯಬೇಕು. ಮಾರಾಟಕ್ಕೆ ಬಂದ ಕೆಲವು ಮನೆಗಳನ್ನು ನಗರಾಡಳಿತವೇ ಕೊಂಡು ಸಾರ್ವಜನಿಕ ಉಪಯೋಗಕ್ಕೆ ಒದಗಿಸಿತು. ಈ ಕಾರ್ಯಕ್ಕೆ ೨೦೦೯ರಲ್ಲಿ ಯುನೆಸ್ಕೋ ಸಂಸ್ಥೆಯ ಏಷ್ಯಾ–ಪೆಸಿಫಿಕ್ ಪರಂಪರಾ ಪ್ರಶಸ್ತಿಯೂ ಸಂದಿತು. ದುರಸ್ತಿಯ ಹೆಸರಿನಲ್ಲಿ ಹಳೆಯ ಮನೆಗಳನ್ನು ಬುಡಸಹಿತ ಕೆಡವಿ ಹೊಸ ಮರದಿಂದ ಕಟ್ಟಿದುದೂ ಉಂಟೆಂದು ಆಕ್ಷೇಪಿಸಿದವರೂ ಇದ್ದರು. ಆ ಆಕ್ಷೇಪವನ್ನು ತಳ್ಳಿಹಾಕಲಾಗದು.

ಬುಕ್‌ಚೋನಿನ ಜೊತೆಗೆ ಬೇರೆ ಕೆಲವು ಹಾನೋಕ್ ಕೇರಿಗಳನ್ನೂ ಹೋಲಿಸಿ ನೋಡುವುದು ಉಚಿತ. ನಾಮ್‌ಸಾನ್ ತಪ್ಪಲಲ್ಲಿ ೧೯೯೮ರಲ್ಲಿ ತೆರೆದ ಹಾನೋಕ್ ಗ್ರಾಮದಲ್ಲಿ ನಗರದ ಬೇರೆ ಬೇರೆ ಕಡೆಗಳಿಂದ ತಂದು ನಿಲ್ಲಿಸಿದ ಐದು ಮನೆಗಳಿವೆ. ಅವುಗಳಲ್ಲೊಂದರ ಮೂಲ ಮನೆ ತೀರ ಜೀರ್ಣವಾಗಿದ್ದುದರಿಂದ ಅದನ್ನು ಸಾಗಿಸಲಾಗದೆ ಅದರ ಪ್ರತಿರೂಪವನ್ನು ಕಟ್ಟಲಾಯಿತು. ರಾಜಧಾನಿಯಾಗಿ ಆರು ನೂರು ವರ್ಷ ತುಂಬಿದ ನೆನಪಿಗೆ ೧೯೯೪ರಲ್ಲಿ ಅಲ್ಲಿ ೬೦೦ ವಸ್ತುಗಳನ್ನು ಹೂತಿಡಲಾಗಿದೆ; ಅವನ್ನು ೨೩೯೪ರಲ್ಲಿ ತೆರೆಯಬೇಕೆಂದು ನಿಶ್ಚಯವಾಗಿದೆ. ಅಲ್ಲಿ ಎಲ್ಲವೂ ಅಚ್ಚುಕಟ್ಟು. ಆದರೆ ಯಾರೂ ವಾಸಿಸುವುದಿಲ್ಲ. ಇಕ್‌ಸೊನ್ ಬಡಾವಣೆಯ ಕತೆ ಬೇರೆ. ೨೦೦೪ರಲ್ಲಿ ಅದನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಕಟ್ಟುವ ಯೋಜನೆಗೆ ಸೇರಿಸಲಾಗಿದ್ದಿತು. ೨೦೧೮ರಲ್ಲಿ ಆ ಯೋಜನೆಯನ್ನು ಕೈಬಿಟ್ಟು ಹಾನೋಕುಗಳನ್ನು ಉಳಿಸಲು ನಿರ್ಧರಿಸಲಾಯಿತು. ಅಷ್ಟರಲ್ಲಿ ಮನೆಗಳು ಕಾಫಿ ಅಂಗಡಿಗಳಾಗಿ, ಉಪಾಹಾರ ಮಂದಿರಗಳಾಗಿ ಮಾರ್ಪಟ್ಟಿದ್ದವು. ಸೂರು ಉಳಿಯಿತು, ಒಲೆ ಹೊತ್ತಿಸುತ್ತಿದ್ದವರು ಉಳಿಯಲಿಲ್ಲ. ಸಿಯೋಲಿನ ದಕ್ಷಿಣಕ್ಕೆ ದೂರದಲ್ಲಿರುವ ಜೊಂಜು ನಗರದ ಏಳುನೂರಕ್ಕೂ ಹೆಚ್ಚು ಹಾನೋಕುಗಳ ಕೇರಿಯೂ ಜಪಾನೀ ವರ್ತಕರು ನಗರದೊಳಕ್ಕೆ ವಿಸ್ತರಿಸಿದ ಕಾಲದಲ್ಲಿ, ೧೯೩೦ರ ಸುಮಾರಿಗೆ, ಕೊರಿಯನ್ನರು ಒತ್ತಾಗಿ ಮನೆಕಟ್ಟಿಕೊಂಡು ಬೆಳೆಸಿದುದು. ಉತ್ತರದ ಹಳ್ಳಿಯ ಚರಿತ್ರೆಗೆ ಅದು ಸೋದರ ಸಾಕ್ಷಿ.

ಈಗ ಬುಕ್‌ಚೋನಿಗೆ ಹೊಸ ವಿಪತ್ತು ಬಂದಿದೆ. ಅದು ತಿರಸ್ಕಾರದಿಂದ ಬಂದುದಲ್ಲ, ಮೆಚ್ಚುಗೆಯಿಂದ ಬಂದುದು. ಸುಮಾರು ಆರು ಸಾವಿರ ಜನರು ವಾಸಿಸುವ ಈ ಕೇರಿಗೆ ೨೦೨೩ರ ಒಂದೇ ವರ್ಷದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಮಂದಿ ಬಂದುಹೋದರು. ಮುಂಜಾನೆಯಿಂದ ರಾತ್ರಿಯವರೆಗೆ ಓಣಿಯಲ್ಲಿ ಗದ್ದಲ; ಬಾಗಿಲ ಮುಂದೆ ಕಸ; ತೆರೆದ ಬಾಗಿಲೊಳಗೆ ಇಣುಕುವ ಅಪರಿಚಿತ ಮುಖಗಳು. ಬೇಸತ್ತ ಕುಟುಂಬಗಳು ಬೇರೆಡೆಗೆ ಹೊರಡತೊಡಗಿದವು. ೨೦೧೮ರಲ್ಲಿ ನಗರಾಡಳಿತವು ಭೇಟಿಯ ವೇಳೆಯನ್ನು ಗೊತ್ತುಪಡಿಸಿ ವಿನಂತಿ ಮಾಡಿಕೊಂಡಿತು, ವಿನಂತಿ ಸಾಲದಾಯಿತು. ೨೦೨೪ರಲ್ಲಿ ಬುಕ್‌ಚೋನನ್ನು ವಿಶೇಷ ನಿರ್ವಹಣಾ ಪ್ರದೇಶವೆಂದು ಘೋಷಿಸಿ, ೨೦೨೫ರ ಮಾರ್ಚಿನಿಂದ ಅತಿ ಜನಸಂದಣಿಯ ಓಣಿಗಳಲ್ಲಿ ಸಂಜೆ ಐದರಿಂದ ಮರುದಿನ ಬೆಳಿಗ್ಗೆ ಹತ್ತರವರೆಗೆ ಪ್ರವಾಸಿಗರಿಗೆ ಪ್ರವೇಶವನ್ನು ನಿಷೇಧಿಸಲಾಯಿತು. ಮೀರಿದವರಿಗೆ ಒಂದು ಲಕ್ಷ ವೊನ್ ದಂಡ. ಮನೆಯ ನಿವಾಸಿಗಳಿಗೂ ಅವರ ಅತಿಥಿಗಳಿಗೂ ಈ ನಿಷೇಧವಿಲ್ಲ.

ಇಷ್ಟನ್ನು ಪರ್ಯಾಲೋಚಿಸಿದಾಗ ಒಂದು ವಿಚಾರ ಸ್ಪಷ್ಟವಾಗುತ್ತದೆ. ಉತ್ತರದ ಹಳ್ಳಿಯನ್ನು ಉಳಿಸಿದುದು ಮರದ ಗಟ್ಟಿತನವಲ್ಲ, ಬರಿಯ ಕಾನೂನಿನ ಕಟ್ಟಳೆಯೂ ಅಲ್ಲ. ಅರಮನೆಗಳು ಉರಿದುಹೋದ ಕಾಲದಲ್ಲಿಯೂ, ದೇಶ ಪರರ ಕೈಸೇರಿದ ಕಾಲದಲ್ಲಿಯೂ ತಮ್ಮ ನೆಲದಲ್ಲಿಯೇ ಬಾಳುತ್ತೇವೆಂದು ಅಲ್ಲಿ ಒಲೆ ಹೂಡಿದ ಸಂಸಾರಗಳೇ ಅದನ್ನು ಉಳಿಸಿದವು. ದೊಡ್ಡ ಮಹಲು ಒಡೆದು ಚಿಕ್ಕ ಮನೆಯಾದಾಗ ಕೇರಿ ಸಾಯಲಿಲ್ಲ. ಒಲೆಯ ಬದಲು ಬಿಸಿನೀರಿನ ಕೊಳವೆ ಬಂದಾಗಲೂ ಸಾಯಲಿಲ್ಲ. ಕೊನೆಯ ಕುಟುಂಬ ಬೀಗ ಹಾಕಿಕೊಂಡು ಹೊರಟ ದಿನ, ಎಲ್ಲ ಹೆಂಚುಗಳೂ ತಮ್ಮ ತಮ್ಮ ಜಾಗದಲ್ಲಿಯೇ ಇದ್ದರೂ, ಅದು ಸತ್ತಂತೆಯೇ ಸರಿ. ಇದನ್ನರಿತೇ ಅಲ್ಲಿಯ ಆಡಳಿತವು ಇಂದು ಪ್ರವಾಸಿಗರ ಆದಾಯಕ್ಕಿಂತ ನಿವಾಸಿಗಳ ನಿದ್ರೆಗೆ ಬೆಲೆ ಕೊಟ್ಟಿರುವುದು ಶ್ಲಾಘ್ಯವಾದುದು.

ನಮ್ಮ ಓದುಗರಲ್ಲಿ ಉದ್ಯೋಗಕ್ಕಾಗಿಯೋ ವಿದ್ಯಾಭ್ಯಾಸಕ್ಕಾಗಿಯೋ ದೂರದೇಶಗಳಿಗೆ ಹೋಗಿಬರುವವರ ಸಂಖ್ಯೆ ಹೆಚ್ಚುತ್ತಿದೆ. ಅವರಲ್ಲಿ ಯಾರಾದರೂ ಆ ನಗರಕ್ಕೆ ಹೋಗುವ ಸಂದರ್ಭ ಒದಗಿದರೆ ಬುಕ್‌ಚೋನಿನ ಇಳಿಜಾರನ್ನು ಅವಶ್ಯವಾಗಿ ಏರಿ ಬರಬೇಕು. ನಿಗದಿಯಾದ ಹೊತ್ತಿನಲ್ಲಿ ಹೋಗಿ, ಮೆಲುದನಿಯಲ್ಲಿ ಮಾತನಾಡುತ್ತ, ಮುಚ್ಚಿದ ಬಾಗಿಲುಗಳನ್ನು ಮುಚ್ಚಿದಂತೆಯೇ ಇರಗೊಟ್ಟು ನೋಡಬೇಕು. ಆ ಬಾಗಿಲುಗಳ ಹಿಂದೆ ಯಾರೋ ಮಕ್ಕಳಿಗೆ ಪಾಠ ಹೇಳಿಕೊಡುತ್ತಿರಬಹುದು, ಯಾರೋ ಹಿರಿಯರು ಬೆಚ್ಚನೆಯ ನೆಲದ ಮೇಲೆ ವಿಶ್ರಮಿಸುತ್ತಿರಬಹುದು. ಅವರ ಬದುಕಿಗೆ ತೊಡಕಾಗದಂತೆ ಹಿಂದಿರುಗುವುದೇ ಆ ಕೇರಿಯ ಇತಿಹಾಸಕ್ಕೆ ಸಲ್ಲಿಸಬಹುದಾದ ಗೌರವ.